ಬೆಸುಗೆ ಹಾಕದ ಜಾಯಿಂಟ್

ಕರ್ನಲ್ ಪೊನ್ನಪ್ಪನವರ ಕೆಂಪು ಸ್ಪೋರ್ಟ್ಸ್ ಕಾರು ದಂಡಿನ ಊರು ಕಾಮಠಿಯಿಂದ ಲಾರಿಯ ಮೇಲೆ ಬಂದು ನಗರದ ಸದರ್ ಬಡಾವಣೆಯ ಗ್ಯಾರೇಜಿನ ಮುಂದೆ ಇಳಿದಾಗ, ಎಲೆಕ್ಟ್ರಿಷಿಯನ್ ಮುರಳೀಧರನಿಗೆ ಅದರ ಮುಖ ನೋಡುವ ಮನಸ್ಸೇ ಇರಲಿಲ್ಲ. ಕರ್ನಲ್ಲರ ಕಾಲು ಮುರಿದದ್ದು ಅದೇ ಕಾರಿನಲ್ಲಿ. ಡಿಸೆಂಬರಿನಲ್ಲಿ ಅವರ ಮಗಳು ದೇಚಮ್ಮ ಓಡಿಸುತ್ತಿದ್ದಾಗ ಕಾರು ಹೆದ್ದಾರಿಯ ನಡುವೆ ಗಕ್ಕನೆ ನಿಂತು, ಹಿಂದಿದ್ದ ಟ್ರಕ್ಕು ಬಂದು ಗುದ್ದಿತ್ತು.

“ಎಂಜಿನ್ ತಾನಾಗೇ ಆಫ್ ಆಯ್ತು” ಎಂದು ಹುಡುಗಿ ಎಷ್ಟೋ ಸಲ ಹೇಳಿದ್ದಳು. ನೋಡಲು ಕರೆಸಿದ್ದು ಕಾರಿನ ವೈರಿಂಗ್ ಮಾಡಿದ್ದ ಮುರಳೀಧರನನ್ನೇ. ಚಳಿಯ ಮುಂಜಾನೆ ಅವನು ಮೀಟರ್ ಹಿಡಿದು, “ಕರೆಂಟ್ ಎಲ್ಲಾ ಬರೋಬರ್ ಐತ್ರಿ ಸಾಹೇಬ್ರ. ತಂಗಿ ಗಾಬರಿಗೆ ಕ್ಲಚ್ ಬಿಟ್ಟಿರಬೇಕು” ಎಂದುಬಿಟ್ಟಿದ್ದ. ಆ ಮಾತೇ ತೀರ್ಪಾಯಿತು. ದೇಚಮ್ಮ ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ.

ಈಗ ಮೇ ತಿಂಗಳು. ನಜ್ಜುಗುಜ್ಜಾದ ಹಿಂಭಾಗ ಸರಿಪಡಿಸಿ ಕಾರನ್ನು ಮಾರಲು ಹೊರಟಿದ್ದರು. ಕೊಳ್ಳಲು ಬಂದವನು ಒಂದು ಸುತ್ತು ಹೊಡೆಯುವಷ್ಟರಲ್ಲಿ ಅದು ಮತ್ತೆ ನಡುದಾರಿಯಲ್ಲಿ ನಿಂತಿತ್ತು.

ಮುರಳೀಧರ ಕಾರನ್ನು ಬಿಸಿಲಿಗೆ ನಿಲ್ಲಿಸಿ ಎಂಜಿನ್ ಚಾಲೂ ಇಟ್ಟ. ಇಪ್ಪತ್ತೆರಡನೆಯ ನಿಮಿಷಕ್ಕೆ ಹಿಂದಿನಿಂದ ಬರುತ್ತಿದ್ದ ಪೆಟ್ರೋಲ್ ಪಂಪಿನ ಗುಂಯ್‌ಗುಡುವಿಕೆ ಕುಗ್ಗಿತು. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಹಿಂದಿನ ಸೀಟು ಎತ್ತಿ, ಪಂಪಿನ ಕನೆಕ್ಟರ್ ಬಿಚ್ಚಿ ಮೀಟರ್ ಇಟ್ಟ. ಹನ್ನೆರಡು ವೋಲ್ಟ್. ಡಿಸೆಂಬರಿನಲ್ಲೂ ಇಷ್ಟೇ ನೋಡಿ ಸಾಮಾನು ಕಟ್ಟಿದ್ದ. ಈ ಸಲ ಕನೆಕ್ಟರ್ ಮತ್ತೆ ಸಿಕ್ಕಿಸಿ, ಪಂಪ್ ಕರೆಂಟ್ ಎಳೆಯುತ್ತಿರುವಾಗಲೇ ಅಳೆದ. ಎಂಟಕ್ಕೆ ಇಳಿಯಿತು. ದಾರಿಯಲ್ಲೆಲ್ಲೋ ನಾಲ್ಕು ವೋಲ್ಟ್ ಸೋರುತ್ತಿತ್ತು.

ವೈರಿನ ಗುಂಟ ಬೆರಳು ಆಡಿಸುತ್ತ ಹೋದ. ಬಾಗಿಲ ಬಳಿ, ಕಾರ್ಪೆಟ್ಟಿನ ಕೆಳಗೆ, ಬೆರಳು ಚುರ್ರೆಂದಿತು. ಟೇಪ್ ಬಿಡಿಸಿದರೆ ಹೊಸೆದ ಎರಡು ತಂತಿಗಳು, ಸುಟ್ಟು ಕಂದು ಬಣ್ಣಕ್ಕೆ ತಿರುಗಿದ್ದವು. ಬೆಸುಗೆಯ ಹನಿಯೂ ಇರಲಿಲ್ಲ. ಟೇಪಿನ ತುದಿಯನ್ನು ಒಳಗೆ ಮಡಚಿದ ಬಗೆ ನೋಡಿದೊಡನೆ ಗೊತ್ತಾಯಿತು. ಅದು ತನ್ನದೇ ಕೈಕೆಲಸ.

ಎರಡು ವರ್ಷದ ಹಿಂದೆ ಎಂಜಿನ್ನಿನ ತಾಕತ್ತು ಹೆಚ್ಚಿಸಲು ದೊಡ್ಡ ಪಂಪ್ ಕೂರಿಸಿದ್ದರು. ಅದಕ್ಕೆ ದಪ್ಪ ವೈರೇ ಎಳೆಯಬೇಕಿತ್ತು. ಆದರೆ ಅಂದು ಕರೆಂಟ್ ಹೋಗಿ ಬೆಸುಗೆ ಹಾಕುವಂತಿರಲಿಲ್ಲ. ತನ್ನ ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಹುಬ್ಬಳ್ಳಿಯ ರೈಲು ಹಿಡಿಯುವುದಿತ್ತು. ಹಳೆಯ ಸಣ್ಣ ವೈರಿಗೇ ಹೊಸೆದು, ಮುಂದಿನ ಸಲ ಬಂದಾಗ ಸರಿಮಾಡಿದರಾಯಿತು ಎಂದುಕೊಂಡು ಟೇಪ್ ಸುತ್ತಿದ್ದ. ಆಮೇಲೆ ಮರೆತೇಹೋಯಿತು.

ಗ್ಯಾರೇಜಿನಲ್ಲಿ ಬೇರೆ ಯಾರೂ ಇರಲಿಲ್ಲ. ಆ ತುಂಡು ಕತ್ತರಿಸಿ ಬಿಸಾಡಿದರೆ ಹೇಳುವವರಿಲ್ಲ, ಕೇಳುವವರಿಲ್ಲ. ಕತ್ತರಿಸಿಯೂ ಬಿಟ್ಟ. ಆದರೆ ಬಿಸಾಡಲು ಕೈ ಬರಲಿಲ್ಲ. ಡಿಸೆಂಬರಿನಲ್ಲಿ ದೇಚಮ್ಮ ಗೇಟಿನ ತನಕ ಅವನ ಹಿಂದೆಯೇ ಬಂದಿದ್ದಳು. “ಅಂಕಲ್, ಪಂಪಿನ ಸದ್ದು ನಿಂತಿದ್ದು ನಾನೇ ಕೇಳಿಸ್ಕೊಂಡೆ. ಇನ್ನೊಂದ್ಸಲ ನೋಡ್ತೀರಾ?” ಅವನು ನಕ್ಕಿದ್ದ. ಈಗ ಆ ನಗು ನೆನಪಾಗಿ, ತುಂಡನ್ನು ಜೇಬಿಗೆ ಹಾಕಿಕೊಂಡ.

ಕೊನೆಗೆ ಕರ್ನಲ್ಲರಿಗೆ ಫೋನ್ ಮಾಡಿ ಎಲ್ಲ ಹೇಳಿದ.

“ನನಗೆ ಹೇಳಿ ಏನು ಪ್ರಯೋಜನ, ಮುರಳಿ? ದೇಚಮ್ಮನ ಆಫೀಸು ಅಲ್ಲೇ ಇದೆ. ಕಳಿಸ್ತೀನಿ. ಅವಳಿಗೆ ಹೇಳಿ.”

ದೇಚಮ್ಮ ನಾಲ್ಕು ಗಂಟೆಗೆ ಬಂದಳು. ಅವನು ಸುಟ್ಟ ತುಂಡನ್ನು ಅವಳ ಅಂಗೈಗೆ ಇಟ್ಟ.

“ತಪ್ಪು ನಂದವ್ವಾ. ಜಾಯಿಂಟ್ ಕೆಡಿಸಿದಾಂವ ನಾನ. ಸರಿಯಾಗಿ ನೋಡದ, ತಪ್ಪು ನಿನ್ನ ಮ್ಯಾಲೆ ಹಾಕಿದಾಂವನೂ ನಾನ. ತಣ್ಣಗಿದ್ದಾಗ ಬರೋಬರ್ ತೋರಸ್ತೈತಿ, ಕಾದಾಗ ಕೈ ಕೊಡ್ತೈತಿ. ನೀ ಖರೇನ ಹೇಳಿದ್ದಿ.”

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಪಪ್ಪಾ ಕುಂಟೋದು ಕಂಡಾಗೆಲ್ಲ ನನ್ನ ಎಡಗಾಲನ್ನೇ ಬೈಕೋತಿದ್ದೆ, ಅಂಕಲ್. ಕ್ಲಚ್ ಒತ್ತಿದ ಕಾಲು. ಆಮೇಲಾಮೇಲೆ, ನಿಜವಾಗ್ಲೂ ನಾನೇ ಬಿಟ್ಟೆನೇನೋ ಅನ್ನಿಸೋಕೆ ಶುರುವಾಗಿತ್ತು.”

ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

“ಈಗಲೇ ಸರಿ ಮಾಡಿ. ನಾನಿಲ್ಲೇ ನಿಂತು ನೋಡ್ತೀನಿ” ಎಂದಳು.

ಬ್ಯಾಟರಿಯಿಂದ ನೇರವಾಗಿ ದಪ್ಪ ವೈರ್ ಎಳೆದ, ಹೊಸ ಫ್ಯೂಸ್, ಹೊಸ ರಿಲೇ ಸ್ವಿಚ್ಚು ಹಾಕಿದ, ಒಂದೊಂದು ಜಾಯಿಂಟಿಗೂ ಬೆಸುಗೆ ಹಾಕಿದ. ಪ್ರತಿಯೊಂದನ್ನೂ ಅವಳು ಎಳೆದು ನೋಡಿದಳು. ಪಂಪ್ ಓಡುತ್ತಿರುವಾಗ ಮೀಟರನ್ನು ತಾನೇ ಹಿಡಿದಳು; ಹನ್ನೆರಡಕ್ಕಿಂತ ಕೆಳಗಿಳಿಯಲಿಲ್ಲ. ನಂತರ ಚಾವಿಗೆ ಕೈಚಾಚಿ, “ಪಕ್ಕದಲ್ಲಿ ಕೂತ್ಕೊಳ್ಳಿ” ಎಂದಳು.

ಕಾಮಠಿ ರಸ್ತೆಯುದ್ದಕ್ಕೂ ಅವಳ ಬೆರಳುಗಳು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಿದ್ದವು. ಪ್ರತಿ ಟ್ರಕ್ಕು ಹಿಂದೆ ಬಂದಾಗಲೂ ಮುರಳೀಧರ ಸೀಟಿನ ಅಂಚು ಹಿಡಿದುಕೊಳ್ಳುತ್ತಿದ್ದ. ಅಂದು ನಿಂತ ಕಾರಿನಲ್ಲಿ ಇವಳು ಕುಳಿತಿದ್ದದ್ದು ಹೀಗೆಯೇ ಎಂದುಕೊಂಡ. ಬೇಕೆಂದೇ ಎರಡು ಸುತ್ತು ಹಾಕಿ ಮುಕ್ಕಾಲು ಗಂಟೆ ಓಡಿಸಿದಳು. ಕಾರು ಎಲ್ಲಿಯೂ ತಡವರಿಸಲಿಲ್ಲ.

ಮನೆಯ ಗೇಟಿನಲ್ಲಿ ಕರ್ನಲ್ಲರು ಕೋಲೂರಿ ನಿಂತಿದ್ದರು. ಮುರಳೀಧರ ಇಳಿದು ಕೈಮುಗಿದ. ಅವರು ಅವನತ್ತ ನೋಡಲಿಲ್ಲ.

“ನಿನ್ನ ಮಾತು ನಂಬಬೇಕಿತ್ತು, ಮಗಳೇ” ಎಂದರು ಕಿಟಕಿಗೆ ಬಾಗಿ.

“ಹತ್ತಿ ಪಪ್ಪಾ” ಎಂದು ಅವಳು ಪಕ್ಕದ ಬಾಗಿಲು ತೆರೆದಳು.

ಅವರು ಕಾಲನ್ನು ಎರಡೂ ಕೈಗಳಿಂದ ಎತ್ತಿ ಒಳಗಿಟ್ಟುಕೊಂಡರು. ನೆರವಾಗಲು ಮುಂದೆ ಹೋದ ಮುರಳೀಧರ ಅರ್ಧಕ್ಕೇ ನಿಂತ. ಕಾರು ಹೊರಟಿತು. ಅವನು ಕಾವು ಇನ್ನೂ ಆರದ ದಾರಿಯಲ್ಲಿ, ಆಟೋ ಸಿಗುವ ಚೌಕದ ಕಡೆಗೆ ನಡೆದ.