ಹನ್ನೆರಡನೆಯ ಹೆಸರು

ಲೀಗ್ ನಿಯಮದ ಪ್ರಕಾರ ಒಂದು ತಂಡದ ಪಟ್ಟಿಯಲ್ಲಿ ಹನ್ನೆರಡೇ ಹೆಸರು. ಬದಲಾವಣೆಗೆ ಶನಿವಾರ ಸಂಜೆ ಐದು ಗಂಟೆ ಕೊನೆ. ಅಂದು ಮಧ್ಯಾಹ್ನ ಮೂರಕ್ಕೆ ಬಸ್ ಡಿಪೋ ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್ ತನ್ನ ಅಕ್ಕನ ಮನೆಯ ಊಟದ ಮೇಜಿನ ಮುಂದೆ ಕೂತಾಗ, ಅವನ ಪಟ್ಟಿಯಲ್ಲಿ ಹದಿಮೂರು ಹೆಸರಿದ್ದವು.

ಹದಿನಾಲ್ಕು ಪಂದ್ಯಗಳಲ್ಲಿ ಎಂಟು ಗೆದ್ದು ತಂಡ ಐದನೆಯ ಸ್ಥಾನದಲ್ಲಿತ್ತು. ಪ್ಲೇಆಫ್‌ಗೆ ಹೋಗುವುದು ಮೊದಲ ನಾಲ್ಕು ತಂಡಗಳು. ಉಳಿದ ನಾಲ್ಕು ಪಂದ್ಯಗಳಲ್ಲಿ ಮೂರನ್ನಾದರೂ ಗೆಲ್ಲಬೇಕಿತ್ತು. ಆ ವಾರವೇ ಗಿರಣಿಯೊಂದರ ತಂಡ ಮುಚ್ಚಿಹೋಗಿ, ಅದರ ಆರಡಿ ಏಳಿಂಚಿನ ಆಟಗಾರ ಲಂಬು ಡಿಪೋ ತಂಡಕ್ಕೆ ಬರಲು ಒಪ್ಪಿ ಸಹಿ ಹಾಕಿದ್ದ. ಇನ್ನು ಒಬ್ಬನನ್ನು ಬಿಡಬೇಕು.

ಯಾರನ್ನು ಎಂಬುದು ಡಿಪೋದಲ್ಲಿ ಆಗಲೇ ತೀರ್ಮಾನವಾಗಿತ್ತು. ಅಜ್ಜನನ್ನು. ಅಜ್ಜ ಎಂದರೆ ಮೂವತ್ತೇಳರ ವೆಲ್ಡರ್. ಚೆಂಡು ನಡೆಸುವ ಮುಖ್ಯ ಆಟಗಾರ ದಣಿದಾಗ ಇಳಿದು, ಜಿಗಿಯದೆ, ಮೆರೆಯದೆ, ಚೆಂಡನ್ನೂ ಕಳೆದುಕೊಳ್ಳದೆ ಎಂಟು ನಿಮಿಷ ಆಡಿ ಬರುವುದು ಅವನ ಕೆಲಸ. ಸುದ್ದಿ ಕಿವಿಗೆ ಬಿದ್ದಮೇಲೆ ಅವನು ಬೆಳಿಗ್ಗೆ ಕೋಚ್ ಬಳಿ ಬಂದು, ಜೆರ್ಸಿಯನ್ನು ಒಗೆದು ತರಲೋ ಹಾಗೇ ತರಲೋ ಎಂದಷ್ಟೇ ಕೇಳಿ ಹೋಗಿದ್ದ.

ಅಕ್ಕ ತಂಡದ ಸ್ಕೋರರ್. ಕೋಚ್ ತಾನು ಬೆಂಚಿನಲ್ಲಿ ಕೂತು ಬರೆಯುವ ನೋಟ್‌ಬುಕ್ಕನ್ನು ಅವಳ ಮುಂದೆ ತಳ್ಳಿದ. ಒಂದೊಂದು ಸಲ ಅಂಗಳದಲ್ಲಿದ್ದ ಐವರು ಯಾರು, ಅವರು ಎಷ್ಟು ನಿಮಿಷ ಆಡಿದರು, ಆ ಹೊತ್ತಿನಲ್ಲಿ ತಂಡ ಎಷ್ಟು ಪಾಯಿಂಟ್ ಗಳಿಸಿತು, ಎಷ್ಟು ಬಿಟ್ಟುಕೊಟ್ಟಿತು ಎಂಬುದೆಲ್ಲ ಅದರಲ್ಲಿತ್ತು. ಅಜ್ಜ ಆಡಿದ ನೂರ ಹನ್ನೆರಡು ನಿಮಿಷಗಳಲ್ಲಿ ತಂಡ ಒಂಬತ್ತು ಪಾಯಿಂಟ್ ಹಿಂದೆ ಬಿದ್ದಿತ್ತು. ಉಳಿದವರ ಲೆಕ್ಕ ಇದಕ್ಕಿಂತ ವಾಸಿ ಎಂದು ಅವನು ಹೇಳಿದ.

ಅಕ್ಕ ಕನ್ನಡಕ ಏರಿಸಿ ಪುಟ ತಿರುವಿದಳು. ಬೆರಳು ಮಡಚಿ ಕೂಡಿದಳು. ಮತ್ತೊಮ್ಮೆ ಕೂಡಿದಳು.

“ಮ್ಯಾಚು ನಲವತ್ತು ನಿಮಿಷ ಅಲ್ವೇನೋ? ನಿನ್ನ ಬುಕ್ಕಲ್ಲಿ ಮೂವತ್ನಾಲ್ಕೇ ಇದೆ. ಇನ್ನಾರು ನಿಮಿಷ ಯಾರ ಮನೇಗೆ ಹೋಯ್ತು?”

ಕೋಚ್ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡ. ಪ್ರತಿ ಪಂದ್ಯದಲ್ಲೂ ನಡುವೆ ಖಾಲಿ ಜಾಗವಿತ್ತು. ಆ ಹೊತ್ತಿನಲ್ಲಿ ಅವನು ಜಾಕೆಟ್ ಕಳಚಿ, ಪುಸ್ತಕವನ್ನು ಕುರ್ಚಿಯ ಕೆಳಗಿಟ್ಟು ತಾನೇ ಆಡಲು ಇಳಿಯುತ್ತಿದ್ದ. ಕೋಚ್ ಅಷ್ಟೇ ಅಲ್ಲ, ಪಟ್ಟಿಯಲ್ಲಿ ಅವನೂ ಒಬ್ಬ ಆಟಗಾರ.

ಅಕ್ಕ ಕಪಾಟಿನಿಂದ ತನ್ನ ಸ್ಕೋರ್ ಶೀಟುಗಳ ಕಟ್ಟು ತಂದಳು. ಆಟಗಾರ ಬದಲಾದಾಗಲೆಲ್ಲ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕುವುದು ಅವಳ ರೂಢಿ. ಅರ್ಧ ಗಂಟೆ ಹಿಡಿಯಿತು. ತಮ್ಮ ಆಡಿದ ಎಂಬತ್ತನಾಲ್ಕು ನಿಮಿಷಗಳಲ್ಲಿ ತಂಡ ಅರವತ್ತೊಂದು ಪಾಯಿಂಟ್ ಹಿಂದೆ.

ಆ ಹೊತ್ತಿನಲ್ಲಿ ಎದುರಾಳಿಗಳು ಬಲವಾಗಿದ್ದರು, ಹುಡುಗರಿಗೆ ಧೈರ್ಯ ತುಂಬುವವನು ಬೇಕಿತ್ತು ಎಂದು ಅವನು ವಾದಿಸಿದ. ಅವಳು ಕೇಳಿಸಿಕೊಂಡಳು. ಅವನ ವಯಸ್ಸು ನಲವತ್ತೊಂದು.

“ಅವನು ಅಜ್ಜ ಆದ್ರೆ ನೀನೇನು, ಮುತ್ತಜ್ಜನಾ?” ಎಂದು ಕೇಳಿ, ಟೀ ಇಡಲು ಎದ್ದಳು.

ಟೀ ಆರುವ ತನಕ ಅವನು ಪಟ್ಟಿಯನ್ನೇ ನೋಡುತ್ತಿದ್ದ. ಇಪ್ಪತ್ತು ವರ್ಷ ಪಟ್ಟಿಯಲ್ಲಿದ್ದ ತನ್ನ ಹೆಸರು. ಜೇಬಿನಿಂದ ಪೆನ್ನು ತೆಗೆದು ಅದರ ಮೇಲೆ ಗೆರೆ ಎಳೆದ. ನಾಲ್ಕೂವರೆಗೆ ಲೀಗ್ ಕಚೇರಿಯ ಕಿಟಕಿಯಲ್ಲಿ ಕಾಗದ ಕೊಟ್ಟು, ಹೊರಗೆ ಬಂದು ಅಜ್ಜನಿಗೆ ಫೋನ್ ಮಾಡಿದ.

“ಒಗೆದೇ ತಾ ಮಾರಾಯ. ಬುಧವಾರ ಹಾಕ್ಕೋಬೇಕಲ್ಲ.”

ಮುಂದಿನ ಮೂರು ಪಂದ್ಯಗಳಲ್ಲಿ ಎರಡನ್ನು ಗೆದ್ದರು. ಕೊನೆಯದು ಅಗ್ನಿಶಾಮಕ ತಂಡದ ವಿರುದ್ಧ. ಮೂರನೆಯ ಕ್ವಾರ್ಟರ್‌ನಲ್ಲಿ ಡಿಪೋ ಆರು ಪಾಯಿಂಟ್ ಮುಂದಿದ್ದಾಗ ಚೆಂಡು ನಡೆಸುವವನ ಮೇಲೆ ನಾಲ್ಕನೆಯ ಫೌಲ್ ಬಿತ್ತು. ಐದಾದರೆ ಅವನು ಹೊರಗೆ. ಕೋಚ್‌ನ ಕೈ ಅಭ್ಯಾಸಬಲದಿಂದ ಜಾಕೆಟ್ ಜಿಪ್ಪಿಗೆ ಹೋಯಿತು. ಒಳಗಿದ್ದದ್ದು ಜೆರ್ಸಿಯಲ್ಲ, ಇಸ್ತ್ರಿ ಮಾಡಿದ ಅಂಗಿ. ಸ್ಕೋರರ್ ಮೇಜಿನಿಂದ ಅಕ್ಕ ಅದನ್ನು ನೋಡಿ ಸ್ಕೋರ್ ಶೀಟಿನತ್ತ ತಲೆ ತಗ್ಗಿಸಿದಳು.

ಅವನು ಅಜ್ಜನನ್ನು ಇಳಿಸಿದ. ಅಜ್ಜ ಆತುರಪಡಲಿಲ್ಲ. ಚೆಂಡು ತಂದು ಲಂಬುವಿನ ಕೈಗೆ ಎಟುಕುವಲ್ಲಿ ಇಡುತ್ತಾ ಎಂಟು ನಿಮಿಷ ಕಳೆದ. ಮುಖ್ಯ ಆಟಗಾರ ಮರಳಿದಾಗ ಮುನ್ನಡೆ ಐದಾಗಿತ್ತು. ಪಂದ್ಯವನ್ನು ಮೂರು ಪಾಯಿಂಟ್‌ಗಳಿಂದ ಗೆದ್ದರು. ನಾಲ್ಕನೆಯ ಸ್ಥಾನ ಸಿಕ್ಕಿತು.

ಎಲ್ಲರೂ ಲಂಬುವಿನ ಹೆಗಲಿಗೆ ಎಟುಕಲು ಜಿಗಿಯುತ್ತಿದ್ದರು. ಕೋಚ್ ಬೆಂಚಿನಲ್ಲೇ ಕೂತು ಬರೆದ: ಅಜ್ಜ, ಎಂಟು ನಿಮಿಷ, ಒಂದು ಪಾಯಿಂಟ್ ಕಡಿಮೆ. ಆಮೇಲೆ ಪುಟದ ನಿಮಿಷಗಳನ್ನು ಮೇಲಿಂದ ಕೆಳಗೆ ಕೂಡಿದ. ನಲವತ್ತು ಬಂತು.