ಎಡಗಡೆಯ ಬ್ರೇಕು

ನನ್ನ ಕಾರಿಗೆ ಎರಡು ಬ್ರೇಕುಗಳಿದ್ದವು. ಒಂದು ಎಲ್ಲ ಕಾರುಗಳಲ್ಲಿ ಇರುವ ಹಾಗೆ, ಓಡಿಸುವವರ ಕಾಲಡಿಯಲ್ಲಿ. ಇನ್ನೊಂದು ಎಡಗಡೆಯ ಸೀಟಿನ ಮುಂದೆ, ಅಂದರೆ ನನ್ನ ಕಾಲಡಿಯಲ್ಲಿ. ಇಪ್ಪತ್ತಾರು ವರ್ಷ ಡ್ರೈವಿಂಗ್ ಸ್ಕೂಲು ನಡೆಸಿದವಳು ನಾನು. ನಮ್ಮ ಯಜಮಾನರದು ವೆಲ್ಡಿಂಗ್ ಕೆಲಸ. ಸ್ಕೂಲು ಶುರುವಾದ ವಾರವೇ ಅವರು ಕಬ್ಬಿಣದ ಪಟ್ಟಿಯೊಂದನ್ನು ಕತ್ತರಿಸಿ, ಬಗ್ಗಿಸಿ, ಈ ಎಡಗಡೆಯ ಪೆಡಲನ್ನು ಮಾಡಿಕೊಟ್ಟಿದ್ದರು. ನಾನು ಇಲ್ಲಿ ತುಳಿದರೆ ಕೇಬಲ್ಲು ಎಳೆದು ಆ ಕಡೆಯ ಬ್ರೇಕೂ ಕೂತುಕೊಳ್ಳುತ್ತಿತ್ತು. ಕಲಿಯಲು ಬಂದವರೆಲ್ಲ ಬೆನ್ನ ಹಿಂದೆ ನನ್ನನ್ನು ಬ್ರೇಕಮ್ಮ ಅನ್ನುತ್ತಿದ್ದರು. ಗೊತ್ತಿದ್ದೂ ಸುಮ್ಮನಿದ್ದೆ. ಹೆಸರು ಸರಿಯಾಗಿಯೇ ಇತ್ತಲ್ಲ.

ಕಳೆದ ವರ್ಷ ಕಣ್ಣಿನ ಡಾಕ್ಟರು ನನ್ನ ಸ್ಟೇರಿಂಗ್ ಕಿತ್ತುಕೊಂಡರು. ಎರಡೂ ಕಣ್ಣುಗಳ ನಡುಭಾಗ ಮಸುಕಾಗುತ್ತಿದೆ, ಇನ್ನು ಗಾಡಿ ಮುಟ್ಟಬೇಡಿ ಎಂದರು. ಗೋಡೆಯ ಮೇಲಿನ ದೊಡ್ಡ ಅಕ್ಷರಗಳನ್ನೆಲ್ಲ ಪಟಪಟ ಓದಿ ತೋರಿಸಿದೆ. ಆತ ನಗುತ್ತಾ, ಅದನ್ನು ನೀವು ಹೊರಗೆ ಕೂತಿದ್ದಾಗಲೇ ಬಾಯಿಪಾಠ ಮಾಡಿಕೊಂಡಿರಿ, ನಾನು ನೋಡಿದೆ ಎಂದರು. ಸ್ಟೇರಿಂಗ್ ಹೋದರೆ ಹೋಗಲಿ, ಪಕ್ಕದಲ್ಲಿ ಕೂತು ಕಲಿಸಬಹುದು ಎಂದುಕೊಂಡರೆ ಅದಕ್ಕೂ ತಲೆ ಅಲ್ಲಾಡಿಸಿದರು. ಮನೆಗೆ ಬಂದವಳೇ ಸ್ಕೂಲಿನ ಬೋರ್ಡು ಇಳಿಸಿ ಗೋಡೆಗೆ ಒರಗಿಸಿದೆ. ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಮೂರನೇ ದಿನ ಸೊಸೆ ಬಂದು ಎದುರಿಗೆ ಕೂತಳು. ಬೆಳಗಿನ ಹೊತ್ತು ಬೇಕರಿಯ ಬ್ರೆಡ್ಡಿನ ವ್ಯಾನು ಓಡಿಸುವವಳು, ಮಾತು ಕಡಿಮೆ. ಗಾಡಿ ಕಲಿತದ್ದು ನನ್ನ ಹತ್ತಿರವೇ. ಸ್ಕೂಲು ನಾನು ನಡೆಸುತ್ತೇನೆ, ನನಗೆ ಕೊಡಿ ಎಂದಳು. ಗಾಡಿ ಓಡಿಸುವುದು ಬೇರೆ, ಓಡಿಸಲು ಬಾರದವರ ಪಕ್ಕದಲ್ಲಿ ಕೂರುವುದು ಬೇರೆ ಎಂದೆ ನಾನು. ಅವಳು ವಾದಿಸಲಿಲ್ಲ, ಆದರೆ ಏಳಲೂ ಇಲ್ಲ. ಮಗ ಅಡಿಗೆಮನೆಯಿಂದ ಇಣುಕಿ ನೋಡಿ, ಇದರಲ್ಲಿ ತಲೆ ಹಾಕುವುದು ಬೇಡ ಅನ್ನಿಸಿತೋ ಏನೋ, ಹಾಗೇ ಹಿಂದೆ ಸರಿದ.

ಅಷ್ಟರಲ್ಲಿ ನನ್ನ ತಂಗಿಯ ಫೋನು. ಅವಳಿರುವುದು ನಡುವೆ ಒಂದು ದೇಶ ದಾಟಿದರೆ ಸಿಗುವ ಊರಿನಲ್ಲಿ. ಅಲ್ಲಿ ಹೆಂಗಸರಿಗಾಗಿಯೇ ಒಂದು ಡ್ರೈವಿಂಗ್ ಸ್ಕೂಲು ತೆರೆಯುತ್ತಿದ್ದಳು. ನಿನ್ನ ಕಾರೇ ಬೇಕು ಅಕ್ಕ, ಎರಡು ಬ್ರೇಕಿನದು ಇಲ್ಲಿ ಸಿಗುವುದಿಲ್ಲ ಎಂದು ಹಟ ಹಿಡಿದಳು. ಆರು ತಿಂಗಳು ಕಚೇರಿಗಳಿಗೆ ಅಲೆದು ಕಾರು ತರಿಸಿಕೊಳ್ಳುವ ಕಾಗದಗಳನ್ನೂ ಮಾಡಿಸಿಬಿಟ್ಟಳು. ಓಡಿಸಿಕೊಂಡು ಬಂದು ಕೊಡುತ್ತೇನೆ ಎಂದು ನಾನು ಹೇಳಿ ನಾಲಿಗೆ ಕಚ್ಚಿಕೊಂಡೆ. ಓಡಿಸುವವರು ಯಾರು? ಸೊಸೆ ಬೇಕರಿಗೆ ಮೂರು ವಾರ ರಜೆ ಹಾಕಿ ಬಂದಳು. ಹೊರಡುವ ಮುಂಚೆ ಮತ್ತೆ ಸ್ಕೂಲಿನ ಮಾತೆತ್ತಿದಳು. ಅದಕ್ಕೆಂದು ಒಂದು ಹಳೆಯ ಕಾರನ್ನೂ ನೋಡಿಟ್ಟಿದ್ದಳಂತೆ. ಹೋಗಿ ಬರೋಣ, ದಾರಿಯಲ್ಲಿ ನಿನ್ನನ್ನು ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದೆ. ಹೀಗೆ ಒಂಬತ್ತು ದಿನದ ಪರೀಕ್ಷೆಗೆ ಅವಳು ಕೂತಳು.

ಮೊದಲ ಎರಡು ದಿನ ನಮ್ಮ ದೇಶದೊಳಗೇ ದಾರಿ. ನಾನು ಕಲಿಯುವವರಿಗೆ ಹೇಳದಿದ್ದರೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದ ಮಾತೊಂದಿತ್ತು: ಬ್ರೇಕಿನ ಮೇಲೆ ಕಾಲು ಇರಬೇಕು, ತುಳಿಯಬಾರದು. ತುಳಿಯದೇ ಇರುವುದರಲ್ಲೇ ಇದೆ ಕಲಿಸುವವರ ವಿದ್ಯೆ. ಅದನ್ನೆಲ್ಲ ಸೊಸೆಯ ಪಕ್ಕದಲ್ಲಿ ಗಾಳಿಗೆ ತೂರಿದೆ. ಎದುರಿಗೆ ಎಮ್ಮೆ ಕಂಡರೆ ತುಳಿದೆ, ತಿರುವು ಬಂದರೆ ತುಳಿದೆ, ಒಂದು ಸಲ ಆಕಾಶದಲ್ಲಿ ಹಕ್ಕಿ ಅಡ್ಡ ಹಾರಿದ್ದಕ್ಕೂ ತುಳಿದೆ. ಪ್ರತಿ ಸಲವೂ ಸೊಸೆ ಮತ್ತೆ ಗೇರು ಹಾಕಿ ಮುಂದಕ್ಕೆ ಹೊರಡುತ್ತಿದ್ದಳು. ಎರಡನೇ ದಿನ ಸಂಜೆ ಚಹಾ ಕುಡಿಯಲು ನಿಲ್ಲಿಸಿದಾಗ ಮಾತ್ರ ಲೋಟ ಕೆಳಗಿಟ್ಟು ಹೇಳಿದಳು.

"ಅತ್ತೆ, ನೀವು ಬ್ರೇಕ್ ತುಳಿದಾಗೆಲ್ಲ ಹಿಂದಿನ ಗಾಡಿಯವನು ಬೈಯೋದು ನನ್ನನ್ನ."

ಬೈದರೆ ಬೈಸಿಕೋ, ಗುದ್ದಿಸಿಕೊಳ್ಳುವುದಕ್ಕಿಂತ ವಾಸಿ ಎಂದೆ. ಅಂದಮೇಲೆ ನನಗೇ ಕೆಡುಕೆನಿಸಿತು. ಹಾಗಂತ ಹೇಳಿಕೊಳ್ಳುವ ಜಾಯಮಾನ ನನ್ನದಲ್ಲ, ಅವಳ ತಟ್ಟೆಗೆ ನನ್ನ ಬಿಸ್ಕತ್ತು ಹಾಕಿದೆ.

ರಾತ್ರಿ ತಂಗಿದಲ್ಲೆಲ್ಲ ಯಜಮಾನರ ಫೋನು ಬರುತ್ತಿತ್ತು. ಇಂಜಿನ್ನು ಬಿಸಿಯಾಯಿತಾ, ನೀರು ಹಾಕಿದಿರಾ, ಹಿಂದಿನ ಬಲಗಡೆ ಟೈರು ಹೇಗಿದೆ ಎಂದು ಕಾರಿನ ಕ್ಷೇಮವನ್ನೆಲ್ಲ ವಿಚಾರಿಸಿ, ಇಡುವ ಮುಂಚೆ ನೀನು ಹೇಗಿದ್ದೀಯ ಎನ್ನುತ್ತಿದ್ದರು. ನಾನೂ ಟೈರಿನ ಹಾಗೇ ಇದ್ದೇನೆ, ಗಾಳಿ ಸರಿಯಾಗಿದೆ ಎಂದೆ.

ಮೂರನೇ ದಿನ ಬೆಳಗ್ಗೆ ಗಡಿ ಬಂತು. ಉದ್ದನೆಯ ತಗಡಿನ ಚಪ್ಪರ, ಅದರ ಕೆಳಗೆ ಸಾಲು ಹಿಡಿದ ಲಾರಿಗಳು, ಕಿಟಕಿಯಿಂದ ಕಿಟಕಿಗೆ ಕಾಗದ ಹಿಡಿದು ಓಡಾಡುವ ಜನ. ತಪಾಸಣೆಯ ಅಧಿಕಾರಿ ವಯಸ್ಸಾದ ಮನುಷ್ಯ, ಮೀಸೆ ನೀಟಾಗಿ ಕತ್ತರಿಸಿದ್ದ. ಡಿಕ್ಕಿ ನೋಡಿದ, ಇಂಜಿನ್ನಿನ ನಂಬರು ನೋಡಿದ, ಎಲ್ಲ ಸರಿ ಎನ್ನುವ ಹೊತ್ತಿಗೆ ಎಡಗಡೆಯ ಬಾಗಿಲು ತೆಗೆದು ನನ್ನ ಕಾಲಡಿ ನೋಡಿದ. ಇದೇನು ಎಂದ. ಬ್ರೇಕು ಎಂದೆ. ಕಾಗದದಲ್ಲಿ ಒಂದೇ ಬ್ರೇಕು ಇದೆಯಲ್ಲ ಎಂದ.

ಅವನು ಹೇಳಿದ್ದು ನಿಜ. ಯಜಮಾನರು ಮನೆಯಲ್ಲೇ ಮಾಡಿ ಕೂರಿಸಿದ್ದನ್ನು ಯಾವ ಕಚೇರಿಯಲ್ಲೂ ಬರೆಸಿರಲಿಲ್ಲ. ಇಪ್ಪತ್ತಾರು ವರ್ಷ ನಮ್ಮೂರಿನಲ್ಲಿ ಯಾರೂ ಕೇಳಿರಲಿಲ್ಲ. ಕಾಗದದಲ್ಲಿಲ್ಲದ ಬದಲಾವಣೆ ಇರುವ ಗಾಡಿಯನ್ನು ಒಳಗೆ ಬಿಡುವುದಿಲ್ಲ, ಬಿಚ್ಚಿ ಡಿಕ್ಕಿಯಲ್ಲಿ ಹಾಕಿಕೊಂಡರೆ ಬಿಡುತ್ತೇನೆ, ಇಲ್ಲದಿದ್ದರೆ ತಿರುಗಿಸಿ ಎಂದ. ನಾನು ಬಿಡುತ್ತೇನೆಯೇ? ಮಾತಿನ ಮೇಲೆ ಮಾತು ಬೆಳೆಸಿದೆ, ಇದು ಜೀವ ಉಳಿಸುವ ಸಾಮಾನು ಎಂದೆ, ನಿಮ್ಮ ಹೆಂಡತಿ ಗಾಡಿ ಕಲಿತದ್ದು ಹೇಗೆ ಎಂದು ಕೇಳಿದೆ. ಅವನು ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು ಒಂದು ಸ್ಪ್ಯಾನರು ತರಿಸಿಕೊಟ್ಟ.

ಸೊಸೆ ನೆಲಕ್ಕೆ ಕೂತು ಬಿಚ್ಚಿದಳು. ಎರಡು ಬೋಲ್ಟು, ಒಂದು ಕೇಬಲ್ಲು. ಕೆಲಸ ಹತ್ತು ನಿಮಿಷಕ್ಕೆ ಮುಗಿಯಿತು. ನನ್ನ ಅಂಗಾಲು ಸವೆಸಿ ಸವೆಸಿ ಅಂಚು ನುಣ್ಣಗಾಗಿದ್ದ ಆ ಪೆಡಲನ್ನು ಅವಳು ಹಳೆಯ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟಳು. ನಾನು ಬಂದು ಸೀಟಿನಲ್ಲಿ ಕೂತರೆ ಕಾಲಡಿ ಬರೀ ಮ್ಯಾಟು. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋದಂತೆ ಕಾಲು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ನನಗೆ ಭಯವಾಗಿತ್ತು. ಸೊಸೆಯ ಮೇಲೆ ನಂಬಿಕೆ ಇಲ್ಲದ್ದಕ್ಕೆ ಭಯವೋ, ನನಗೇ ಇನ್ನು ಮಾಡಲು ಏನೂ ಇಲ್ಲ ಎಂಬ ಭಯವೋ, ಎರಡೂ ಇದ್ದವು.

ಗಡಿ ದಾಟಿದ ಮೇಲೆ ಇನ್ನೊಂದು ತಲೆನೋವು. ಆ ದೇಶದಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ. ನಮ್ಮ ಕಾರಿನ ಸ್ಟೇರಿಂಗೂ ಬಲಗಡೆಯೇ. ಹಾಗಾಗಿ ಸೊಸೆ ರಸ್ತೆಯ ಅಂಚಿನಲ್ಲಿ, ನಾನು ನಡುಗೆರೆಯ ಪಕ್ಕದಲ್ಲಿ. ಮುಂದಿನ ಲಾರಿಯನ್ನು ದಾಟಬೇಕಾದರೆ ಎದುರಿನಿಂದ ಏನು ಬರುತ್ತಿದೆ ಎಂಬುದು ಅವಳಿಗೆ ಕಾಣುವುದಿಲ್ಲ, ನನಗೆ ಕಾಣುತ್ತದೆ. ನನ್ನ ಜೀವಕ್ಕೆ ಒಂದಿಷ್ಟು ಹಿತವಾಯಿತು. ಬ್ರೇಕು ಹೋದರೇನಂತೆ, ಕಣ್ಣಾಗಿ ಕೂತೆ. ಇರು, ಈಗ ಬೇಡ, ಈಗ ಹೋಗು ಎಂದು ಹೇಳುತ್ತಾ ನಾಲ್ಕು ದಿನ ಬಂದೆವು. ಖಾಲಿ ರಸ್ತೆಗಳು, ಇಕ್ಕೆಲದಲ್ಲಿ ಬೋಳು ಗುಡ್ಡಗಳು, ನಡುವೆ ಎಲ್ಲೋ ಒಂದು ಪೆಟ್ರೋಲ್ ಬಂಕು. ನಾನು ಹಳೆಯ ಹಾಡುಗಳನ್ನು ಗುನುಗಿದೆ, ಸೊಸೆ ಬ್ರೆಡ್ಡಿನ ವ್ಯಾನಿನ ಕಥೆಗಳನ್ನು ಹೇಳಿ ನಗಿಸಿದಳು. ಅವಳಿಗೆ ಇಷ್ಟು ಮಾತು ಬರುತ್ತದೆ ಎಂದು ಅವಳು ಮದುವೆಯಾಗಿ ಬಂದ ಆರು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ನಿಜ ಹೇಳಬೇಕೆಂದರೆ ಅವು ಸುಖದ ದಿನಗಳು.

ಏಳನೇ ದಿನ ಮಧ್ಯಾಹ್ನ, ಗುಡ್ಡ ಇಳಿಯುವ ರಸ್ತೆ. ಮುಂದೆ ಮರಳು ತುಂಬಿದ ಲಾರಿ ತೆವಳುತ್ತಿತ್ತು. ಅರ್ಧ ಗಂಟೆಯಿಂದ ಅದರ ಹೊಗೆ ಕುಡಿದು ನನಗೆ ರೇಗಿತ್ತು. ಕತ್ತು ಚಾಚಿ ನೋಡಿದೆ. ರಸ್ತೆ ನೆಟ್ಟಗಿತ್ತು. ದೂರದಲ್ಲಿ ಒಂದು ಟ್ಯಾಂಕರು ನಿಂತಿತ್ತು.

"ಖಾಲಿ ಇದೆ, ಹೋಗು" ಎಂದೆ.

ಅವಳು ಹೋಗಲಿಲ್ಲ. ಹೋಗು ಎಂದೆ ಮತ್ತೆ, ಜೋರಾಗಿ. ಅವಳು ವೇಗ ಇನ್ನೂ ಇಳಿಸಿದಳು. ಇದೇನು ಹೇಳಿದ್ದು ಕೇಳಿಸುವುದಿಲ್ಲವಾ ಎಂದು ಬಾಯಿ ತೆರೆಯುವಷ್ಟರಲ್ಲಿ ಟ್ಯಾಂಕರು ನನ್ನ ಕಿಟಕಿಯ ಪಕ್ಕದಲ್ಲೇ ಭರ್ರೆಂದು ಹಾದುಹೋಯಿತು. ಕಾರು ಇಡೀ ಅಲುಗಿತು. ಅದು ನಿಂತಿರಲಿಲ್ಲ, ಬರುತ್ತಿತ್ತು. ನನ್ನ ಬಲಗಾಲು ಬರೀ ಮ್ಯಾಟನ್ನು ಒತ್ತಿ ಹಿಡಿದಿತ್ತು.

ಸ್ವಲ್ಪ ಮುಂದೆ ಅಗಲವಾದ ಜಾಗದಲ್ಲಿ ಅವಳು ಕಾರು ನಿಲ್ಲಿಸಿದಳು. ನೀರಿನ ಬಾಟಲಿ ಕೊಟ್ಟಳು. ಕುಡಿಯಲು ಹೋಗಿ ಅರ್ಧ ಮೈಮೇಲೆ ಚೆಲ್ಲಿಕೊಂಡೆ. ಅದು ನಿಂತಿದೆ ಎಂದುಕೊಂಡೆ ಕಣೇ ಎಂದೆ. ಆ ಮಾತು ಹೊರಗೆ ಬರಲು ಬಹಳ ಕಷ್ಟವಾಯಿತು. ಡಾಕ್ಟರು ಹೇಳಿದಾಗ ಸಿಟ್ಟು ಬಂದಿತ್ತು, ಈಗ ನಾಚಿಕೆಯಾಯಿತು. ಇಬ್ಬರನ್ನೂ ಕೊಲ್ಲಿಸುತ್ತಿದ್ದೆನಲ್ಲ. ನಾನು ಹೋಗು ಅಂದರೂ ನೀನು ಯಾಕೆ ಹೋಗಲಿಲ್ಲ ಎಂದು ಕೇಳಿದೆ.

"ಲಾರಿಯವನು ಯಾಕೋ ಅಂಚಿಗೆ ಸರಿದ. ಅವನಿಗೆ ಏನೋ ಕಂಡಿರಬೇಕು ಅನ್ಕೊಂಡೆ" ಎಂದಳು. ಆಮೇಲೆ ಬಾಟಲಿ ವಾಪಸು ತೆಗೆದುಕೊಳ್ಳುತ್ತಾ, "ನೀವೇ ಹೇಳಿಕೊಟ್ಟಿದ್ದಲ್ವಾ ಅತ್ತೆ. ಪಕ್ಕದಲ್ಲಿ ಕೂತೋರು ಯಾರೇ ಆಗಿರ್ಲಿ, ಏನೇ ಹೇಳ್ಲಿ, ನಿನಗೆ ನಂಬಿಕೆ ಬರದೆ ಗಾಡಿ ಮುಂದಕ್ಕೆ ಹಾಕಬೇಡ ಅಂತ."

ಹೇಳಿಕೊಟ್ಟಿದ್ದೆ. ಎಲ್ಲರಿಗೂ ಮೊದಲ ದಿನವೇ ಹೇಳುತ್ತಿದ್ದೆ. ಅದನ್ನು ನನ್ನ ವಿಷಯದಲ್ಲೇ ಪಾಲಿಸುವವಳು ಒಬ್ಬಳು ಸಿಗುತ್ತಾಳೆಂದು ಎಣಿಸಿರಲಿಲ್ಲ. ಇಷ್ಟಾದ ಮೇಲೂ ಅವಳು ನನ್ನನ್ನು ಬೈಯಲಿಲ್ಲ, ನಿಮ್ಮ ಕಣ್ಣು ಎಂದು ಒಂದು ಮಾತೂ ಎತ್ತಲಿಲ್ಲ. ಅದಕ್ಕೇ ನನಗೆ ಅಳು ಬಂತು. ಸೀಟು ಹಿಂದಕ್ಕೆ ಬಾಗಿಸಿಕೊಂಡು, ನಿನಗೆ ಸರಿ ಅನ್ನಿಸಿದಾಗ ಹೋಗು, ನನ್ನನ್ನು ಕೇಳಬೇಡ ಎಂದೆ. ಅಲ್ಲಿಂದ ಮುಂದೆ ಅವಳು ಲಾರಿಗಳ ಹಿಂದೆ ದೂರ ಉಳಿದು, ತಾನೇ ನೋಡಿಕೊಂಡು, ನಿಧಾನಕ್ಕೆ ಓಡಿಸಿದಳು. ನಾನು ನಿದ್ದೆ ಹೋದೆ. ಇಪ್ಪತ್ತಾರು ವರ್ಷದಲ್ಲಿ ಆ ಸೀಟಿನಲ್ಲಿ ನಾನು ನಿದ್ದೆ ಮಾಡಿದ್ದು ಅದೇ ಮೊದಲು.

ಎರಡನೇ ಗಡಿಯನ್ನು ಸಲೀಸಾಗಿ ದಾಟಿದೆವು, ಗಾಡಿಗಳು ಮತ್ತೆ ರಸ್ತೆಯ ಎಡಗಡೆಗೆ ಬಂದವು. ಒಂಬತ್ತನೇ ದಿನ ಸಂಜೆಗೆ ಮುಂಚೆ ತಂಗಿಯ ಮನೆ ಮುಂದೆ ನಿಂತೆವು. ಅವಳು ನನ್ನನ್ನು ತಬ್ಬಿ, ಸೊಸೆಯ ಕೆನ್ನೆ ಸವರಿ, ನೇರ ಹೋಗಿ ಎಡಗಡೆಯ ಬಾಗಿಲು ತೆಗೆದು ಬಗ್ಗಿದಳು. ಬ್ರೇಕು ಎಲ್ಲಿ ಎಂದಳು. ಗಡಿಯ ಕಥೆ ಹೇಳಿದೆ. ಹಾಗಾದರೆ ನಾಳೆಯೇ ಮೆಕ್ಯಾನಿಕ್ಕನ್ನು ಕರೆಸಿ ಕೂರಿಸುತ್ತೇನೆ ಎಂದು ಡಿಕ್ಕಿ ತೆಗೆದು ಬಟ್ಟೆಯ ಗಂಟಿಗೆ ಕೈ ಹಾಕಿದಳು. ನಾನು ಅವಳ ಕೈ ಹಿಡಿದೆ.

"ಕಾರು ನಿನ್ನದು. ಅಳತೆ ತಗೊಂಡು ಇಲ್ಲೇ ಒಂದು ಮಾಡಿಸ್ಕೋ. ಇದು ನನ್ನ ಸೊಸೆಗೆ ಬೇಕು, ಅವಳು ಪಾಠ ಹೇಳ್ಬೇಕು."

ತಂಗಿ ಗೊಣಗಿದಳು, ಈ ಬ್ರೇಕಿನ ಆಸೆಗೇ ನಾನು ಕಾರು ಕೇಳಿದ್ದು ಎಂದಳು. ಗೊಣಗಿಕೊಳ್ಳಲಿ ಎಂದು ಬಿಟ್ಟೆ. ಸೊಸೆ ಬ್ಯಾಗುಗಳನ್ನು ಇಳಿಸುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಬಂದು ಗಂಟನ್ನು ತೆಗೆದುಕೊಂಡಳು, ಬಿಚ್ಚಿದಳು, ಪೆಡಲಿನ ಸವೆದ ಅಂಚನ್ನು ಹೆಬ್ಬೆರಳಿನಿಂದ ಸವರಿದಳು. ಕಣ್ಣಲ್ಲಿ ನೀರಿತ್ತು. ತುಳಿಯೋದು ಯಾವಾಗ ಅಂತ ಕಲಿಸಿ ಅತ್ತೆ ಎಂದಳು. ಅದು ನಿನಗೆ ಬರುತ್ತದೆ, ತುಳಿಯದೇ ಇರುವುದನ್ನು ನಾನೇ ನಿನ್ನಿಂದ ಕಲಿಯಬೇಕು ಎಂದೆ.

ರಾತ್ರಿ ಯಜಮಾನರ ಫೋನು ಬಂತು. ಇಂಜಿನ್ನಿನ ವಿಚಾರ ಎತ್ತುವ ಮುಂಚೆಯೇ, ಕಾರು ಕೊಟ್ಟಾಯಿತು, ಪೆಡಲು ವಾಪಸು ತರುತ್ತಿದ್ದೇವೆ ಎಂದೆ. ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಕೇಳಿದರು.

"ಹಾಗಾದ್ರೆ ಬೋರ್ಡು ಮೇಲೆ ಹಾಕ್ಲಾ?"

"ಹಾಕಿ" ಎಂದೆ. "ಏಣಿ ಹತ್ತೋವಾಗ ಮಗನಿಗೆ ಹಿಡ್ಕೊಳ್ಳೋಕೆ ಹೇಳಿ."