ಹನ್ನೊಂದು ಊರಿಗೆ ಒಂದು ಕುರ್ಚಿ

ನಾಲ್ಕು ವಿಮಾನ, ಮೂರು ದಿನ, ಸೀಲುಗಳು ಮಂಜುಗಡ್ಡೆಯ ಮೇಲೆ ಬಿಸಿಲಿಗೆ ಮಲಗುವ ಕಾಲದಲ್ಲಿ ಬೇಟೆಯ ಒಳ್ಳೆಯದೊಂದು ವಾರ, ಮೊಮ್ಮಗಳಿಗೆಂದು ತೆಗೆದಿಟ್ಟ ಚರ್ಮದಲ್ಲಿ ನನಗೇ ಹೊಲಿದುಕೊಂಡ ಬೂಟು — ಇಷ್ಟು ಕೊಟ್ಟು ಬಂದದ್ದು ಈ ಕುರ್ಚಿಗೆ, ಕೂತರೆ ತನ್ನಷ್ಟಕ್ಕೆ ತಿರುಗುತ್ತದೆ, ಕಾಲು ಊರಿ ಹಿಡಿದುಕೊಂಡಿರಬೇಕು, ಎಲ್ಲರೂ ಚಹಾಕ್ಕೆ ಎದ್ದು ಹೋದರು, ನಾನು ಏಳುವುದಿಲ್ಲ, ಎದ್ದರೆ ಬಿಟ್ಟುಕೊಟ್ಟ ಹಾಗೆ, ಎದುರಿಗೆ ಗೋಡೆಯಗಲದ ಬಿಳಿ ಪರದೆ, ಅದರ ಮೇಲೆ ಹದಿನಾಲ್ಕನೆಯ ಅಂಶ ಇನ್ನೂ ಹಾಗೇ ಇದೆ, ನಡುವೆ ಅಡ್ಡಕ್ಕೆ ಒಂದು ಕಪ್ಪು ಗೆರೆ, ಹತ್ತು ನಿಮಿಷದ ಹಿಂದೆ ಎಳೆದದ್ದು. ಆ ಗೆರೆ ಹೊಡೆದುಹಾಕಿದ ಮಾತು ನನಗೆ ಬಾಯಿಪಾಠ, ಟುಲುಗಾಕ್ ನಾಲ್ಕು ವರ್ಷ ಹೋರಾಡಿ ಅದನ್ನು ಬರೆಸಿದ್ದಳು, ಮಾರ್ಚಿನಿಂದ ಜೂನಿನವರೆಗೆ ನಮ್ಮ ಹನ್ನೊಂದು ಊರುಗಳು ಒಪ್ಪದೆ ಯಾವ ಹಡಗೂ ಮಂಜುಗಡ್ಡೆ ಒಡೆದು ಒಳಗೆ ಬರಕೂಡದು, ಅಷ್ಟೇ, ಒಂದೇ ವಾಕ್ಯ, ಅದಕ್ಕಿಂತ ಹೆಚ್ಚು ನಾವು ಏನು ಕೇಳಿದ್ದೆವು. ಟುಲುಗಾಕ್‌ಗೆ ಇಪ್ಪತ್ತೆಂಟು, ವಕೀಲೆ, ನನ್ನ ಅಪ್ಪ ಸತ್ತ ವರ್ಷ ಹುಟ್ಟಿ ಅವನ ಹೆಸರು ಪಡೆದವಳು, ಹಾಗಾಗಿ ನಾನು ಅವಳಿಗೆ ಅಪ್ಪ ಅನ್ನುತ್ತೇನೆ, ಅವಳು ಅರವತ್ತಾರರ ನನಗೆ ಮಗಳೇ ಅನ್ನುತ್ತಾಳೆ, ವಿಮಾನದಲ್ಲಿ ಪಕ್ಕದವನು ನಮ್ಮನ್ನು ಹುಚ್ಚರು ಅಂದುಕೊಂಡಿರಬೇಕು, ಮಗಳೇ, ಪಟ್ಟಿ ಬಿಗಿಯಾಗಿ ಕಟ್ಕೊ, ಹೆದರ್ಬೇಡ, ಈ ವಿಮಾನ ನಿನ್ನ ಅಡುಗೆಗಿಂತ ಅಪಾಯ ಏನಲ್ಲ. ಅವಳೇ ಈ ಕುರ್ಚಿಯಲ್ಲಿ ಕೂರಬೇಕಿತ್ತು. ಆದರೆ ಹಡಗುಗಳ ದಾರಿಗೆ ನಿಯಮ ಬರೆಯುವ ಈ ಮಂಡಳಿಯವರಿಂದ ಕಾಗದ ಬಂತು, ಹನ್ನೊಂದು ಊರಿಗೆ ಒಂದು ಕುರ್ಚಿ, ವಕೀಲರಿಗಲ್ಲ, ಹಿರಿಯರಿಗೆ, ಹಿರಿಯರು ಇದ್ದರೆ ಸಭೆಗೆ ಗೌರವ. ಅವಳಿಗೆ ಮೇಲೆ ಹಿಂದಿನ ಸಾಲು, ಗಾಜಿನಾಚೆ. ಭಾಷೆ ತಿರುಗಿಸಿ ಹೇಳುವ ಹೆಂಗಸಿಗೂ ಅಲ್ಲೇ ಒಂದು ಗಾಜಿನ ಗೂಡು. ಇಬ್ಬರಿಗೂ ಕಾಣುವುದು ನನ್ನ ಜಡೆ ಮಾತ್ರ.

ಗೌರವ ಬಹಳ ಚೆನ್ನಾಗಿ ಮಾಡಿದರು, ಬೆಳಿಗ್ಗೆ ಬಾಗಿಲಲ್ಲೇ ಫೋಟೊ, ಬೂಟು ಕಾಣುವ ಹಾಗೆ ಕಾಲು ಸ್ವಲ್ಪ ಮುಂದೆ ಇಡಿ ಅಂದರು, ಇಟ್ಟೆ, ಯಾವುದೋ ದೇಶದವಳು ಬಗ್ಗಿ ಹೊಲಿಗೆ ಮುಟ್ಟಿ ನೋಡಿದಳು, ನೀರು ಒಳಗೆ ಬರಲ್ವಾ ಅಂತ, ಬರಲ್ಲ, ಸೂಜಿ ಚರ್ಮದ ಅರ್ಧದವರೆಗೆ ಮಾತ್ರ ಹೋಗಬೇಕು, ಪೂರ್ತಿ ತೂತಾದರೆ ಕಾಲು ಹೋಯಿತು. ಕಾಲು ಅಂದರೆ ನೆನಪಾಗುವುದು ನುಟಾರಾಕ್, ನನ್ನ ತಮ್ಮ, ಹೋದ ಏಪ್ರಿಲ್‌ನಲ್ಲಿ ಆಚೆ ದಡದ ಬಿಡಾರದಿಂದ, ಹೆಪ್ಪುಗಟ್ಟಿದ ಕಡಲ ಮೇಲೆ, ಸ್ಲೆಡ್ ಬಂಡಿ ಎಳೆದುಕೊಂಡು ಮನೆಗೆ ಬರುತ್ತಿದ್ದಾನೆ, ಬೆಳಿಗ್ಗೆ ಹೋಗುವಾಗ ಇಲ್ಲದ್ದು ಸಂಜೆ ಬರುವಾಗ ಇದೆ — ಬಿಳಿಯ ಮೇಲೆ ಕಪ್ಪು ಗೆರೆ, ಹಡಗು ಕೊಯ್ದುಕೊಂಡು ಹೋದ ನೀರು, ಆ ಕಡೆಗೂ ಈ ಕಡೆಗೂ ಕಣ್ಣು ಮುಟ್ಟುವವರೆಗೆ. ನಾನು ಈಚೆ ನಿಂತಿದ್ದೇನೆ, ಅವನು ಆಚೆ, ಕೂಗಿದರೆ ಕೇಳಿಸುತ್ತದೆ, ಅಷ್ಟು ಹತ್ತಿರ, ಅಕ್ಕಾ, ಚಹಾ ಎಸಿ ಅಂತ ನಗುತ್ತಾನೆ. ಗೆರೆ ಹೆಪ್ಪುಗಟ್ಟಿ ಮನುಷ್ಯನ ಭಾರ ಹೊರುವುದಕ್ಕೆ ಮೂರು ದಿನ. ಎರಡನೆಯ ದಿನ ನಗುವುದನ್ನು ಬಿಟ್ಟ. ಎಡಗಾಲಿನ ನಾಲ್ಕು ಬೆರಳು ತೆಗೆದರು. ಇದನ್ನು ಹೇಳುವುದಕ್ಕೇ ನನ್ನನ್ನು ಕಳಿಸಿದ್ದು, ನಾಳೆಗೆ ಮೂರು ನಿಮಿಷ ಕೊಟ್ಟಿದ್ದಾರೆ, ಹಸಿರು ದೀಪ, ಹಳದಿ ದೀಪ, ಕೆಂಪು ದೀಪ. ನಾಳೆ ಹೇಳಬೇಕಾದದ್ದರ ತಲೆಯನ್ನು ಇವತ್ತೇ ಕತ್ತರಿಸಿದರು. ಹಡಗಿನವರ ಪರವಾಗಿ ಒಬ್ಬ ಎದ್ದ, ಆ ವಾಕ್ಯ ತೆಗೆಯೋಣ, ಊರುಗಳೊಂದಿಗೆ ಸಮಾಲೋಚಿಸಲಾಗುವುದು ಅಂತ ಹಾಕೋಣ ಅಂದ, ಪರದೆಯ ಮೇಲೆ ಗೆರೆ ಎಳೆದರು, ಅಧ್ಯಕ್ಷ ನನ್ನ ಕಡೆ ತಿರುಗಿದ, ಕಿವಿಯೊಳಗೆ ಅವನ ಮಾತು ನಮ್ಮ ಭಾಷೆಯಲ್ಲಿ ಬಂತು, ಶ್ರೀಮತಿ ಉಲಾಯುಕ್, ಇದಕ್ಕೆ ನಿಮ್ಮ ಒಪ್ಪಿಗೆ ಇದೆಯೇ. ಮೂಗು ಸುಕ್ಕಿಸಿದೆ. ಕಣ್ಣು ಮುಚ್ಚಿಹೋಗುವಷ್ಟು ಸುಕ್ಕಿಸಿದೆ. ನಮ್ಮಲ್ಲಿ ಮೂಗು ಸುಕ್ಕಿಸಿದರೆ ಬೇಡ, ಹುಬ್ಬು ಎತ್ತಿದರೆ ಹೂಂ, ಮೊಲೆ ಕುಡಿಯುವ ಕೂಸಿಗೂ ಗೊತ್ತು, ಎದುರಿನವನು ಕಂಡ ಮೇಲೆ ಬಾಯಿಬಿಟ್ಟು ಇನ್ನೊಮ್ಮೆ ಹೇಳಿದರೆ ನಿನಗೆ ಕಣ್ಣಿಲ್ಲವೇ ಅಂತ ನಾಲ್ಕು ಜನರ ಮುಂದೆ ಅವಮಾನ ಮಾಡಿದ ಹಾಗೆ. ನಾನು ಅವನ ಮರ್ಯಾದೆ ಉಳಿಸಿದೆ. ಅವನು ನಕ್ಕ, ಧನ್ಯವಾದ ಅಂದ, ಆಕ್ಷೇಪಣೆ ಯಾರದಾದರೂ ಇದೆಯೇ ಅಂದ, ಎರಡು ಉಸಿರಿನಷ್ಟು ಕಾದ, ಇಲ್ಲ ಅಂದ, ಮರದ ಸುತ್ತಿಗೆ ಕುಟ್ಟಿದ.

ಟುಲುಗಾಕ್ ಮೆಟ್ಟಿಲು ಇಳಿದು ಓಡಿ ಬಂದಳು, ಕಾವಲಿನವನು ತಡೆದ, ತೋಳ ಕೆಳಗೆ ನುಸುಳಿ ಬಂದಳು, ಮಗಳೇ, ಯಾಕೆ ಸುಮ್ನೆ ಕೂತೆ. ಸುಮ್ನೆ ಎಲ್ಲಿ ಕೂತೆ ಅಪ್ಪ, ಬೇಡ ಅಂದ್ನಲ್ಲ. ಯಾವಾಗ ಅಂದೆ, ನಂಗೇನೂ ಕೇಳಿಸ್ಲಿಲ್ಲ. ಮೂಗು ತೋರಿಸಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ನನ್ನ ಬೂಟಿನ ಪಕ್ಕ ನೆಲದ ಮೇಲೆ ಕೂತುಬಿಟ್ಟಳು, ಅವರಿಗೇನ್ ಗೊತ್ತಾಗ್ಬೇಕು ಮಗಳೇ, ಅವರಿಗೆ ಅದು ನಗು, ಮುದುಕಿ ಮುದ್ದಾಗಿ ನಕ್ಕಳು ಅಂದ್ಕೊಂಡಿರ್ತಾರೆ, ತಪ್ಪು ನಂದು, ನಾನು ಹೇಳಿಕೊಡಬೇಕಿತ್ತು ಅಂದಳು, ಮತ್ತೆ ಎದ್ದು ದಾಖಲೆ ಬರೆಯುವವನ ಹತ್ತಿರ ಹೋದಳು, ಸುತ್ತಿಗೆ ಬಿದ್ದ ಮೇಲೆ ಬರೆದದ್ದು ಬರೆದದ್ದೇ, ಇನ್ನು ಆರು ವರ್ಷಕ್ಕೆ ಮರುವಿಚಾರಣೆ ಅಂದನಂತೆ. ಅವರಿಗೇನ್ ಗೊತ್ತಾಗ್ಬೇಕು — ಉಳಿದವರಿಗೆ ಇರಲಿ. ಈ ಅಧ್ಯಕ್ಷನಿಗೆ? ಹೋದ ಸೆಪ್ಟೆಂಬರಿನಲ್ಲಿ ಊರು ನೋಡಲು ಬಂದವನು, ನನ್ನ ಮನೆಯ ನೆಲದ ಮೇಲೆ ಕೂತು ಒಣಮೀನು ತಿಂದವನು, ಓಲಿಪಿಕಾಗೆ, ನನ್ನ ಮೊಮ್ಮಗಳಿಗೆ, ತನ್ನ ಚೀಲದಿಂದ ಮಿಠಾಯಿ ಕೊಡಲು ಹೋದ, ಅವಳು ಮೂಗು ಸುಕ್ಕಿಸಿದಳು, ಇದೇನು, ಮಗು ಸೀನುತ್ತಾ ಅಂದ, ನಾನೇ ಹೇಳಿದೆ, ಟುಲುಗಾಕ್ ಆ ವಾರ ಊರಲ್ಲಿರಲಿಲ್ಲ, ಶಾಲೆಯ ಮೇಷ್ಟ್ರು ತಿರುಗಿಸಿ ಹೇಳಿದರು, ಅದು ಬೇಡ ಅಂತ, ಬಾಯಿಗೆ ಯಾಕೆ ಸುಮ್ಮನೆ ಕೆಲಸ. ಬಹಳ ಮೆಚ್ಚಿಕೊಂಡ. ಆ ಸಂಜೆಯೆಲ್ಲ ಅದನ್ನೇ ಆಡಿದ, ಇನ್ನೊಂದು ಲೋಟ ಚಹಾ ಅಂದರೆ ಮೂಗು ಸುಕ್ಕಿಸುವುದು, ಮಕ್ಕಳು ಬಿದ್ದು ಬಿದ್ದು ನಗುವುದು, ಬಾಗಿಲಲ್ಲಿ ಬೂಟು ಹಾಕಿಕೊಳ್ಳುವಾಗ ಇನ್ನೆರಡು ದಿನ ಇರ್ತೀರಾ ಅಂದರೆ ಅದಕ್ಕೂ ಮೂಗು. ನಮಗಿಂತ ಚೆನ್ನಾಗಿ ಮಾಡುತ್ತಿದ್ದ.

ಅವನೇ ಬರುತ್ತಿದ್ದಾನೆ, ಕೈಯಲ್ಲಿ ಚಹಾ, ನನಗೂ ಒಂದು ಹಿಡಿದಿದ್ದಾನೆ, ಕಾಗದದ ಲೋಟ, ನಗು, ತೆಗೆದುಕೊಳ್ಳಿ ಅನ್ನುವ ಹಾಗೆ ಚಾಚಿದ. ಕುರ್ಚಿಯನ್ನು ಕಾಲಿಂದ ಒತ್ತಿ ಹಿಡಿದೆ. ಅವನ ಮುಖವನ್ನೇ ನೋಡುತ್ತ ಮೂಗು ಸುಕ್ಕಿಸಿದೆ, ಮನೆಯಲ್ಲಿ ಮಾಡುವಷ್ಟೇ, ಹೆಚ್ಚಿಲ್ಲ ಕಡಿಮೆಯಿಲ್ಲ. ಚಾಚಿದ ಕೈ ತಟ್ಟನೆ ಹಿಂದಕ್ಕೆ ಹೋಯಿತು. ತಿರುಗಿಸಿ ಹೇಳುವವರು ಯಾರೂ ಬೇಕಾಗಲಿಲ್ಲ. ನಗು ಅರ್ಧಕ್ಕೆ ನಿಂತಿತು, ಕಣ್ಣು ಕೆಳಗಾಯಿತು, ನನ್ನ ಬೂಟು ನೋಡಿದ, ಎರಡೂ ಲೋಟ ಹಿಡಿದುಕೊಂಡು ಹೋದ. ಇಷ್ಟು ಅಪ್ಪನಿಗೆ ಹೇಳಬೇಕು, ತಪ್ಪು ನಿನ್ನದಲ್ಲ ಅಂತ ಹೇಳಬೇಕು, ನುಟಾರಾಕ್‌ಗೆ ಏನು ಹೇಳಲಿ, ಊರಿಗೆ ಏನು ಹೇಳಲಿ — ಒಂದು ಕುರ್ಚಿ ಸಿಕ್ಕಿತು, ವಸಂತದ ಮಂಜುಗಡ್ಡೆ ಹೋಯಿತು, ಆರು ವಸಂತ, ಈಚೆ ನಾವು, ಆಚೆ ನಮ್ಮವರು, ನಡುವೆ, ಬಿಳಿಯ ಮೇಲೆ, ಆ ಕಪ್ಪು ಗೆರೆ.